ನೀರಲ್ಲಿ ಬರೆಯುವಾಕೆ, ಮಿಷಿಗನ್ನಿನ ಚಳಿ

ಷಿಕಾಗೋ

ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನನ್ನ ಚೀಲದಿಂದ ಮೊದಲು ಹೊರಗೆಳೆದದ್ದು ಹಂದಿಗೂದಲಿನ ಕುಂಚವನ್ನು. ತಿರುಗಿಸಿ ನೋಡಿದ, ಮೂಸಿದ, ಅಂಗೈಗೆ ಒತ್ತಿಕೊಂಡ.

"ಇದರಿಂದ ಏನು ಮಾಡುತ್ತೀರಿ?"

"ಕಲ್ಲಿಗೆ ಹೊಡೆಯುತ್ತೇನೆ" ಎಂದೆ.

"ಯಾಕೆ?"

"ಅದು ಏನು ಹೇಳುತ್ತದೆ ಎಂದು ತಿಳಿಯುವುದಕ್ಕೆ."

ನನ್ನ ಸೀರೆ, ಸೀರೆಯ ಮೇಲಿನ ಗಂಡಸರ ಕೋಟು, ಕೋಟಿನ ಮೇಲಿನ ಮಫ್ಲರು ಎಲ್ಲವನ್ನೂ ಒಂದು ಸಲ ನೋಡಿ ಅವನು ನಿಟ್ಟುಸಿರು ಬಿಟ್ಟ. ಕುಂಚ ವಾಪಸ್ಸು ಬಂತು. ಧಾರವಾಡದಿಂದ ಜೋಪಾನವಾಗಿ ತಂದಿದ್ದ ಶೇಂಗಾ ಚಟ್ನಿಪುಡಿ ಬರಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ನಾನು ಹೇಳಿದ್ದು ಸುಳ್ಳೇನಲ್ಲ. ನೌಕರಿಯ ಕಾಲವನ್ನೆಲ್ಲ ನಾನು ಶಾಸನಗಳ ಹಿಂದೆ ಕಳೆದವಳು. ಹೊಲದ ಬದುವಿನಲ್ಲಿ, ಹಾಳು ಬಸದಿಯ ಮೂಲೆಯಲ್ಲಿ, ಒಮ್ಮೊಮ್ಮೆ ಯಾರದೋ ಬಚ್ಚಲಿನ ಹಾಸುಗಲ್ಲಾಗಿ ಬಿದ್ದ ಶಾಸನವನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಯೊಳಕ್ಕೆ ಇಳಿಸಿ, ಮೇಲೆ ಮಸಿ ತಟ್ಟಿ ಪಡಿಯಚ್ಚು ತೆಗೆಯುವುದು ನನ್ನ ಕೆಲಸವಾಗಿತ್ತು. ನಿವೃತ್ತಳಾದ ಮೇಲೆ ಇನ್ನು ಕಲ್ಲುಗಳಿಗೆ ವಿಶ್ರಾಂತಿ ಎಂದುಕೊಂಡಿದ್ದೆ. ಅಷ್ಟರಲ್ಲಿ ಷಿಕಾಗೋದ ಒಂದು ಕಲಾಶಾಲೆಯಿಂದ ಕರೆ ಬಂತು. ಬರಹ ಮತ್ತು ಕಾಲ ಎಂಬ ವಿಷಯದ ಮೇಲೆ ಕಮ್ಮಟವಂತೆ. ನಾನು ಪಡಿಯಚ್ಚು ತೆಗೆದು ತೋರಿಸಬೇಕಂತೆ.

ಅಮೆರಿಕದಲ್ಲಿ ಬ್ಯಾಂಕುಗಳು ಕುಸಿದು ಎಲ್ಲರೂ ಖರ್ಚು ಕಡಿಮೆ ಮಾಡುತ್ತಿದ್ದ ಚಳಿಗಾಲ ಅದು. ಕಮ್ಮಟಕ್ಕೆ ಬರಬೇಕಿದ್ದವರಲ್ಲಿ ಅರ್ಧಕ್ಕರ್ಧ ಜನರನ್ನು ಬೇಡವೆಂದಿದ್ದರು. ಅತಿಥಿಗೃಹದ ಕ್ಯಾಂಟೀನು ವಾರದ ಕೊನೆಗೆ ಬಂದ್. ಸಂಜೆಯಾದರೆ ಕಟ್ಟಡದ ಬಿಸಿಗಾಳಿ ಕಡಿಮೆ ಮಾಡುತ್ತಿದ್ದರು. ಕಮ್ಮಟ ನಡೆಸುತ್ತಿದ್ದ ಪ್ರೊಫೆಸರರು ಎತ್ತರದ, ಸಂಕೋಚದ ಮನುಷ್ಯ. ಎದುರು ಸಿಕ್ಕಾಗಲೆಲ್ಲ "ಕ್ಷಮಿಸಿ" ಎನ್ನುತ್ತಿದ್ದರು, ಚಳಿಯನ್ನೂ ತಾವೇ ತಂದವರಂತೆ.

ಮೊದಲ ದಿನ ನಾನು ಸಭಾಂಗಣಕ್ಕೆ ಹೋದಾಗ ಒಬ್ಬ ಹೆಂಗಸು ಪೊರಕೆಯಷ್ಟು ಉದ್ದದ ಕುಂಚ ಹಿಡಿದು ನೆಲದ ಮೇಲೆ ಬರೆಯುತ್ತಿದ್ದಳು. ಗಿಡ್ಡ ಜೀವ, ಕತ್ತರಿಸಿದ ನರೆಗೂದಲು, ವಯಸ್ಸಿನಲ್ಲಿ ನನ್ನ ಓರಗೆ. ಪಕ್ಕದಲ್ಲಿ ಬಕೆಟ್ಟು. ಬಕೆಟ್ಟಿನಲ್ಲಿ ಮಸಿ ಇರಲಿಲ್ಲ, ಬರೀ ನೀರು. ಕರಿಗಲ್ಲಿನ ಹಾಸಿನ ಮೇಲೆ ಅಕ್ಷರ ಕಪ್ಪಗೆ ಮಿಂಚುತ್ತಿತ್ತು. ಮುಂದಿನದನ್ನು ಬರೆಯುವಷ್ಟರಲ್ಲಿ ಹಿಂದಿನದರ ಅಂಚು ಮಾಸುತ್ತಿತ್ತು. ಸಾಲು ಮುಗಿಯುವ ಹೊತ್ತಿಗೆ ಸಾಲಿನ ಮೊದಲು ಎಲ್ಲಿತ್ತೆಂದು ಹೇಳುವಂತಿರಲಿಲ್ಲ. ಅವಳು ತಿರುಗಿಯೂ ನೋಡದೆ ಆ ಒಣಗಿದ ಜಾಗದ ಮೇಲೆಯೇ ಮತ್ತೆ ಬರೆಯುತ್ತಾ ಹೋದಳು.

ಅವಳೇ ಲಿಯಾಂಗ್. ಚೀನಾದ ಚೆಂಗ್ಡು ಊರಿನವಳು. ಅವರ ಕಡೆ ಉದ್ಯಾನಗಳಲ್ಲಿ ಮುದುಕರು ಬೆಳಗಿನ ವ್ಯಾಯಾಮಕ್ಕೆಂದು ಹೀಗೆ ನೀರಿನಲ್ಲಿ ಬರೆಯುವುದುಂಟಂತೆ. ಅದನ್ನು ಕಲೆಯ ಸಭಾಂಗಣಕ್ಕೆ ತಂದು ಹೆಸರಾದವಳು ಇವಳು. ಬರೆಯುವಾಗ ಯಾರಾದರೂ ವಿಡಿಯೊ ತೆಗೆಯಹೋದರೆ ಮಾತ್ರ ಬೇಡವೆನ್ನುತ್ತಿದ್ದಳು. ಪ್ರೊಫೆಸರರು ಎದ್ದು ನಿಂತು, ಲಿಯಾಂಗ್ ಅವರ ಬರಹ ಹೇಗೆ ಮರೆವಿನ ಕಲೆ, ಹೇಗೆ ಅನಿತ್ಯದ ಧ್ಯಾನ ಎಂದು ಬಹಳ ಹೊತ್ತು ಮಾತಾಡಿದರು. ಅಷ್ಟು ಹೊತ್ತೂ ಲಿಯಾಂಗ್ ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದುಕೊಂಡು ಕಿಟಕಿ ನೋಡುತ್ತಿದ್ದಳು.

ನನಗೆ ಒಳಗೊಳಗೇ ಕಸಿವಿಸಿ. ನಮ್ಮ ಶಾಸನಗಳು ಆಚಂದ್ರಾರ್ಕ ನಿಲ್ಲಲಿ ಎಂದು ಹಾರೈಸಿಕೊಂಡು ಹುಟ್ಟಿದಂಥವು. ಅಳಿಸಿದವನು ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ ಎಂದು ಕೊನೆಗೊಂದು ಶಾಪವನ್ನೂ ಇಟ್ಟುಕೊಂಡಿರುತ್ತವೆ. ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ಲಿಯಾಂಗಳಿಗೆ ಹೇಳಿದೆ. ಅವಳ ಇಂಗ್ಲಿಷೂ ಹರಕು, ನನ್ನದು ಕಚೇರಿಯ ಇಂಗ್ಲಿಷು. ನಾವಿಬ್ಬರೂ ಆಡಿದ್ದನ್ನು ಇಲ್ಲಿ ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಾಗಾದರೆ ನಾನು ದಿನಾ ಹುಳು" ಎಂದು ಲಿಯಾಂಗ್ ನಕ್ಕಳು. ನಕ್ಕಿದ್ದು ಎಷ್ಟೆಂದರೆ ಚಮಚ ಕೆಳಗೆ ಬಿತ್ತು.

ಸ್ನೇಹ ಗಟ್ಟಿಯಾದದ್ದು ಮರುದಿನ, ನನ್ನ ಸರದಿಯಲ್ಲಿ. ನನಗೆ ಕಲ್ಲು ಕೊಡುತ್ತೇವೆಂದಿದ್ದವರು ಕಡೆಗೆ ಮೊಗಸಾಲೆಯ ಹಿತ್ತಾಳೆ ಫಲಕ ತೋರಿಸಿದರು, ದಾನಿಗಳ ಹೆಸರು ಕೆತ್ತಿದ್ದು. ನಾನು ಒದ್ದೆ ಕಾಗದ ಹಚ್ಚಿ ಬಡಿಯತೊಡಗಿದೆನೋ ಇಲ್ಲವೋ, ಕಾವಲುಗಾರ ಓಡಿಬಂದು ನಿಲ್ಲಿಸಿದ. ಪ್ರೊಫೆಸರರು ಅವನಿಗೆ ಕ್ಷಮೆ ಕೇಳುತ್ತಾ ನಿಂತರು. ಆ ಗಲಾಟೆಯ ನಡುವೆಯೇ ಲಿಯಾಂಗ್ ಪಕ್ಕಕ್ಕೆ ಬಂದು ಕಾಗದದ ಅಂಚು ಹಿಡಿದಳು. ಪಡಿಯಚ್ಚಿನ ಕೆಲಸ ಅವರಲ್ಲೂ ಉಂಟು, ನಮಗಿಂತ ಹಳೆಯದು. ಯಾವ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅವಳಿಗೆ ಹೇಳಬೇಕಾಗಲಿಲ್ಲ.

ಸಂಜೆ ನಾನು ಒಂದು ಮಾತು ಕೇಳಿದೆ. "ಕಲ್ಲಿನಲ್ಲಿ ಅಕ್ಷರ ಇರುತ್ತದೆ. ಅದನ್ನು ಬರೆಯಲು ಹಿಡಿದ ಹೊತ್ತು ಇರುವುದಿಲ್ಲ. ಬರೆಯುವವನು ಸುಣ್ಣದಲ್ಲಿ ಬರೆದುಕೊಟ್ಟು ಹೋಗಿರುತ್ತಾನೆ, ಆಮೇಲೆ ಕೆತ್ತುವವನು ಉಳಿಯಿಂದ ಎಲ್ಲವನ್ನೂ ಒಂದೇ ಸಮ ಮಾಡಿಬಿಡುತ್ತಾನೆ. ನಿಮ್ಮಲ್ಲಿ?"

ಅವಳು ತನ್ನ ಚೀಲದಿಂದ ಹಳೆಯ ಬರಹವೊಂದರ ಚಿತ್ರ ತೆಗೆದಳು. "ನಮ್ಮಲ್ಲಿ ಹೊತ್ತೇ ಬರಹ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಎಲ್ಲರಿಗೂ ಗೊತ್ತು. ತಿದ್ದುವಂತಿಲ್ಲ. ಇಲ್ಲಿ ನೋಡು, ಕುಂಚ ಓಡಿದೆ. ಇಲ್ಲಿ ಉಸಿರು ತೆಗೆದುಕೊಂಡಿದ್ದಾನೆ. ಸತ್ತು ಎಷ್ಟೋ ಕಾಲವಾದವನ ಹಿಂದೆ ನಾವು ನಡೆದುಕೊಂಡು ಹೋಗಬಹುದು."

"ನೀರಿನಲ್ಲಿ ಬರೆದರೆ ನಿನ್ನ ಹಿಂದೆ ಯಾರು ನಡೆಯಬೇಕು?"

ಲಿಯಾಂಗ್ ಚಿತ್ರವನ್ನು ಮಡಿಸಿ ಒಳಗಿಟ್ಟಳು. "ಯಾರೂ ಬೇಡ" ಎಂದಳು.

ಹೆದ್ದಾರಿ

ವಾರದ ಕೊನೆಗೆ ಕ್ಯಾಂಟೀನು ಮುಚ್ಚುತ್ತದೆಂದು ತಿಳಿದಾಗ ನಾನು ವೀಣಾಳಿಗೆ ಫೋನು ಮಾಡಿದೆ. ವೀಣಾ ನನ್ನ ಮೈಸೂರಿನ ಗೆಳತಿಯ ಮಗಳು. ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿ ಸಂಸಾರ.

"ಷಿಕಾಗೋವರೆಗೂ ಬಂದು ನಮ್ಮನೆಗೆ ಬರದೆ ಹೋಗ್ತೀರಾ ಆಂಟಿ? ಸುದರ್ಶನ್ ಬಂದು ಪಿಕಪ್ ಮಾಡ್ತಾರೆ, ನೀವು ಸುಮ್ನೆ ರೆಡಿ ಇರಿ" ಎಂದಳು.

"ಅಷ್ಟು ದೂರ ಅಂವಾ ಯಾಕ ಬರಬೇಕವಾ? ಕೆಲಸ ಬಿಟ್ಟು?"

"ಕೆಲಸ ಇಲ್ಲ ಆಂಟಿ. ಲೇಆಫ್ ಆಯ್ತಲ್ಲ, ಅಮ್ಮ ಹೇಳ್ಲಿಲ್ವಾ?"

ಲಿಯಾಂಗಳಿಗೂ ಹೋಗಲು ಬೇರೆ ಜಾಗವಿರಲಿಲ್ಲ. ಬರುತ್ತೀಯಾ ಎಂದೆ. ಬಕೆಟ್ಟೊಂದನ್ನು ಬಿಟ್ಟು ಕುಂಚ ತೆಗೆದುಕೊಂಡು ಹೊರಟುಬಂದಳು. ಉದ್ದದ ಹಿಡಿ ಕಾರಿನ ಹಿಂದಿನ ಗಾಜಿನಿಂದ ಮುಂದಿನ ಸೀಟುಗಳ ನಡುವಿನವರೆಗೂ ಚಾಚಿಕೊಂಡು, ಸುದರ್ಶನ ಗೇರು ಬದಲಿಸುವಾಗಲೆಲ್ಲ ಅವನ ಮೊಣಕೈಗೆ ತಾಗುತ್ತಿತ್ತು.

ಸುದರ್ಶನ ತೆಳ್ಳಗಿನ, ಲವಲವಿಕೆಯ ಮನುಷ್ಯ. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. "ನಂಗೀಗ ಟೈಮೇ ಟೈಮು ಆಂಟಿ. ಐದು ಗಂಟೆ ಡ್ರೈವು ಅಂದ್ರೆ ಮಜಾ. ಮನೇಲಿದ್ರೆ ಬೆಳಗಿಂದ ಅಪ್ಲೈ ಮಾಡೋದು, ಮಧ್ಯಾಹ್ನದಿಂದ ಈಮೇಲ್ ನೋಡೋದು" ಎಂದ. ದಾರಿಯುದ್ದಕ್ಕೂ ಒಂದು ಕ್ಷಣ ಸುಮ್ಮನಿರಲಿಲ್ಲ. ಸರೋವರದ ಮೇಲಿನಿಂದ ಬರುವ ಹಿಮದ ಬಗ್ಗೆ, ಯಾವ ಎಕ್ಸಿಟ್ಟಿನಲ್ಲಿ ಕಾಫಿ ಕುಡಿಯಬಹುದು ಎಂಬುದರ ಬಗ್ಗೆ, ಪಕ್ಕದಲ್ಲಿ ಹಾದುಹೋಗುವ ಟ್ರಕ್ಕಿನ ಯಾವ ಚಕ್ರ ಸರಿಯಿಲ್ಲ ಎಂಬುದರ ಬಗ್ಗೆ ಮಾತಾಡಿದ. ಅದನ್ನು ಅವನು ನೋಡಿ ಹೇಳುತ್ತಿರಲಿಲ್ಲ, ಕೇಳಿಸಿಕೊಂಡು ಹೇಳುತ್ತಿದ್ದ.

ರಾಚೆಸ್ಟರ್ ಹಿಲ್ಸ್

ಅವರ ಸಬ್‌ಡಿವಿಷನ್ ಎಂಬ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ತಾಯಿಯ ಮಕ್ಕಳಂತಿದ್ದವು. ಪಕ್ಕದ ಮನೆ ಖಾಲಿ. ಅಲ್ಲಿದ್ದವರು ಸಾಲ ಕಟ್ಟಲಾಗದೆ ಬಿಟ್ಟು ಹೋಗಿದ್ದರು, ಬ್ಯಾಂಕು ಬೀಗ ಹಾಕಿತ್ತು. ಆದರೂ ಬೀದಿಯಿಂದ ಗರಾಜಿನವರೆಗಿನ ಆ ಮನೆಯ ಡ್ರೈವ್‌ವೇ ಮೇಲೆ ಒಂದು ಹರಳು ಹಿಮವಿರಲಿಲ್ಲ. ಡಾಂಬರು ಹೊಸ ಹಲಗೆಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು.

"ಇವರೇ ದಿನಾ ಶವೆಲ್ ಮಾಡ್ತಾರೆ ಆಂಟಿ" ಎಂದಳು ವೀಣಾ. ಅವಳು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಿದ್ದಳು. ಈಗ ಮನೆ ನಡೆಯುತ್ತಿದ್ದುದು ಅವಳಿಂದ. "ನಮ್ಮದು ಮುಗಿಸಿ ಅವರದೂ ಮಾಡ್ತಾರೆ. ಯಾರೂ ಇಲ್ಲದ ಮನೆಗೆ!"

"ಹಿಮ ಹಾಗೇ ಬಿಟ್ರೆ ಬೀದೀನೇ ಸತ್ತ ಹಾಗೆ ಕಾಣುತ್ತೆ" ಎಂದ ಸುದರ್ಶನ. ನಿವೃತ್ತಳಾದ ಹೊಸತರಲ್ಲಿ ನಾನೂ ಮನೆಯ ಮುಂದಿನ ಕಲ್ಲುಗಳನ್ನೆಲ್ಲ ತೊಳೆದಿದ್ದೆ.

ಬೆಳಿಗ್ಗೆ ಎದ್ದಾಗ ಉಷ್ಣಮಾಪಕ ಫ್ಯಾರನ್‌ಹೀಟಿನ ಸೊನ್ನೆಯ ಹತ್ತಿರ ಇತ್ತು. ಮೂಗಿನೊಳಗಿನ ಕೂದಲು ಸೆಟೆಯುವ ಚಳಿ. ಲಿಯಾಂಗ್ ಆಗಲೇ ಕೋಟು ತೊಟ್ಟು ಪಕ್ಕದ ಡ್ರೈವ್‌ವೇ ನೋಡುತ್ತಾ ನಿಂತಿದ್ದಳು. ಅಷ್ಟು ಕಪ್ಪಾದ, ಅಷ್ಟು ಚೊಕ್ಕಟವಾದ ನೆಲ ಕಂಡರೆ ಬರೆಯುವವರ ಕೈ ಸುಮ್ಮನಿರುತ್ತದೆಯೇ? ವೀಣಾ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ಕೊಟ್ಟಳು. ವೀಣಾಳ ಮಗಳು ಅನಘಾ ಶಾಲೆಯ ರಜೆಯೆಂದು ಪೈಜಾಮದ ಮೇಲೆ ಜಾಕೆಟ್ಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು.

"ವಾಟ್ ಈಸ್ ಶಿ ರೈಟಿಂಗ್?"

"ಅಲ್ಲೇ ಕೇಳು ಹೋಗಿ" ಎಂದಳು ವೀಣಾ.

ಲಿಯಾಂಗ್ ಬರೆದಳು. ಯಾವತ್ತಿನಂತೆ ಚುರುಕಾಗಿ, ಹಿಂದಕ್ಕೆ ಹೆಜ್ಜೆಯಿಡುತ್ತಾ. ನಾಲ್ಕು ಅಕ್ಷರ. ಕುಂಚವನ್ನು ಬಕೆಟ್ಟಿಗೆ ಅದ್ದಿ ತಲೆಯೆತ್ತಿದಳು. ಒಣಗಿದ ಜಾಗಕ್ಕೆ ವಾಪಸ್ಸು ಹೋಗಿ ಮತ್ತೆ ಬರೆಯುವುದು ಅವಳ ಪದ್ಧತಿಯಲ್ಲವೇ? ಆದರೆ ಅಲ್ಲಿ ಒಣಗಿದ ಜಾಗವೇ ಇರಲಿಲ್ಲ. ಮೊದಲ ಅಕ್ಷರ ಬೆಳ್ಳಗೆ ಹೆಪ್ಪುಗಟ್ಟಿ ಡಾಂಬರಿನ ಮೇಲೆ ಉಬ್ಬಿ ನಿಂತಿತ್ತು. ಎರಡನೆಯದು ನಾವು ನೋಡುತ್ತಿದ್ದಂತೆಯೇ ಅಂಚಿನಿಂದ ಒಳಕ್ಕೆ ಬಿಳಿಯಾಗುತ್ತಿತ್ತು.

ಅನಘಾ ಚಪ್ಪಾಳೆ ತಟ್ಟಿದಳು. ನಾನೂ ಖುಷಿಯಿಂದ ಏನೋ ಹೇಳಹೊರಟವಳು ಲಿಯಾಂಗಳ ಮುಖ ನೋಡಿ ಸುಮ್ಮನಾದೆ. ಅವಳು ತನ್ನ ಅಕ್ಷರವನ್ನು ಯಾರೋ ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ ನೋಡುತ್ತಿದ್ದಳು. ಗೆರೆಗಳ ಅಂಚು ನೇರವಾಗಿರಲಿಲ್ಲ. ಮೊದಲಿಂದ ಕಡೆತನಕ ಸಣ್ಣಗೆ ಅಲೆಯಾಡಿತ್ತು, ಗರಗಸದ ಬಾಯಿಯ ಹಾಗೆ.

"ಚಳಿ" ಎಂದಳು ಲಿಯಾಂಗ್. "ಚಳಿಗೆ ಕೈ ನಡುಗಿತು."

ಅಷ್ಟರಲ್ಲಿ ಸುದರ್ಶನ ಸಲಿಕೆ ಹಿಡಿದುಕೊಂಡು ಬಂದವನು, ಸಲಿಕೆಯನ್ನು ಅಲ್ಲೇ ಬಿಟ್ಟು ಮಂಡಿಯೂರಿ ಕೂತ. ಮುಖವನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿದ. ಎಷ್ಟೋ ತಿಂಗಳಿಂದ ಕಳೆದುಹೋಗಿದ್ದ ಏನೋ ಸಿಕ್ಕವನಂತೆ ಅವನ ದನಿ ಏರಿತು. ಇಂಗ್ಲಿಷಿನಲ್ಲಿ ಶುರು ಮಾಡಿ, ನನಗೆಂದು ಕನ್ನಡಕ್ಕೆ ಹೊರಳಿ, ಮತ್ತೆ ಅವಳಿಗೆಂದು ಇಂಗ್ಲಿಷಿಗೆ ಹಾರುತ್ತಾ ಹೇಳಿದ.

"ಇಲ್ಲ ಇಲ್ಲ, ಇದು ಚಳಿಯದ್ದಲ್ಲ! ಚಳಿ ನಡುಕ ಅಡ್ಡಾದಿಡ್ಡಿ ಇರುತ್ತೆ. ಇದು ನೋಡಿ ಎಷ್ಟು ರೆಗ್ಯುಲರ್ ಆಗಿದೆ. ಒಂದೇ ತಾಳ. ಆಂಟಿ, ಇಲ್ಲಿ ಅಲೆ ಅಗಲ ಇದೆ ಅಲ್ವಾ? ಅಂದ್ರೆ ಇಲ್ಲಿ ಕೈ ಫಾಸ್ಟಾಗಿ ಹೋಗಿದೆ. ಇಲ್ಲಿ ಒತ್ತೊತ್ತಾಗಿ ಬಂದಿದೆ, ಅಂದ್ರೆ ನಿಧಾನ ಮಾಡಿದ್ದಾರೆ. ಇಲ್ಲಿ ಪೂರ್ತಿ ನಿಂತಿದ್ದಾರೆ. ವಾವ್! ಗೆರೆ ಒಳಗೇ ಗಡಿಯಾರ ಇದೆ. ಇವರು ಬರೆದ ಟೈಮು ಪೂರ್ತಿ ಇಲ್ಲಿ ರೆಕಾರ್ಡ್ ಆಗಿದೆ!"

ಲಿಯಾಂಗ್ ಬಕೆಟ್ಟು ಎತ್ತಿಕೊಂಡು ಮನೆಯೊಳಕ್ಕೆ ಹೋದಳು. ಕೆಟಲಿನಲ್ಲಿ ಕುದಿಯುವ ನೀರು ತಂದು ನಾಲ್ಕೂ ಅಕ್ಷರದ ಮೇಲೆ ಒಂದೊಂದಾಗಿ ಸುರಿದಳು. ಹಬೆ ಎದ್ದಿತು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುದರ್ಶನ ಇನ್ನೂ ಮಂಡಿಯ ಮೇಲೆಯೇ ಇದ್ದ. "ನಾನೇನಂದೆ?" ಎಂದ.

"ಬಾಯಿಗೆ ಬ್ರೇಕೇ ಇಲ್ವಾ ನಿಮಗೆ?" ವೀಣಾ ಹಲ್ಲು ಕಚ್ಚಿಕೊಂಡು ಹೇಳಿದಳು. "ಚಳಿ ಅಂದ್ರಲ್ಲ ಅವರು? ಚಳಿ ಅಂತ ಬಿಟ್ಬಿಡೋದಲ್ವಾ?"

"ಯಾಕ ಬೈತೀಯವಾ ಅಂವಗ? ಅಂವಾ ಬೇಕಂತ ಅಂದಾನೇನು?" ಎಂದೆ. ಚಹಾ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದುದು, ಬರೆಯುವಾಗ ವಿಡಿಯೊ ಬೇಡವೆನ್ನುತ್ತಿದ್ದುದು, ಎಲ್ಲ ಈಗ ಅರ್ಥವಾಗುತ್ತಿತ್ತು. ಹಾಳುಗಲ್ಲಿನ ಮೇಲೆ ಇಲ್ಲದ ಅಕ್ಷರವನ್ನೂ ಊಹಿಸಿ ಓದುವವಳು ನಾನು. ಪಕ್ಕದಲ್ಲೇ ಕೂತವಳ ಕೈ ಓದಿರಲಿಲ್ಲ.

ಮಧ್ಯಾಹ್ನ ಬಿಸಿಬೇಳೆಭಾತಿನ ಪರಿಮಳಕ್ಕೋ ಏನೋ ಅವಳೇ ಅಡುಗೆಮನೆಗೆ ಬಂದಳು. ನಾನೊಬ್ಬಳೇ ಇದ್ದೆ. ಬಲಗೈಯನ್ನು ಮೇಜಿನ ಮೇಲೆ ಇಟ್ಟಳು, ಮುಚ್ಚಿಡದೆ. ಬೆರಳುಗಳು ತಮ್ಮ ಪಾಡಿಗೆ ತಾವು ಮಿಡಿಯುತ್ತಿದ್ದವು.

"ಕೆಲವು ವರ್ಷ ಆಯಿತು" ಎಂದಳು. "ಮೊದಮೊದಲು ಮಸಿಯಲ್ಲೇ ಬರೆಯುತ್ತಿದ್ದೆ. ಹರಿದು ಹಾಕುತ್ತಿದ್ದೆ. ನಮ್ಮಲ್ಲಿ ಕಾಗದ ಸುಳ್ಳು ಹೇಳುವುದಿಲ್ಲ. ಒಂದು ದಿನ ಉದ್ಯಾನದಲ್ಲಿ ನೀರಿನಲ್ಲಿ ಬರೆದೆ. ಯಾರಾದರೂ ಸರಿಯಾಗಿ ನೋಡುವುದರೊಳಗೆ ಆರಿಹೋಯಿತು. ಎಷ್ಟು ಹಗುರಾಯಿತು ಗೊತ್ತಾ? ಆಮೇಲೆ ಈ ಪ್ರೊಫೆಸರರಂಥವರೆಲ್ಲ ಬಂದರು. ಮರೆವು ಎಂದರು, ಅನಿತ್ಯ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಾನು ನೀರು ಹಿಡಿದದ್ದು ಅದಕ್ಕಲ್ಲ."

"ಡಾಕ್ಟರು?"

"ಗುಳಿಗೆ ಕೊಟ್ಟಿದ್ದಾರೆ. ಹೆಚ್ಚಾಗುತ್ತದೆ, ನಿಧಾನವಾಗಿ, ಎಂದಿದ್ದಾರೆ."

ನಾನು ಅವಳ ಕೈಯ ಮೇಲೆ ಕೈಯಿಟ್ಟೆ. ನಡುಕ ನನ್ನ ಅಂಗೈಗೂ ಬಂತು. ಆಮೇಲೆ ಅವಳು ಭಾತನ್ನು ಎರಡು ಸಲ ಹಾಕಿಸಿಕೊಂಡು ಉಂಡಳು, ಚಮಚ ಬಿಟ್ಟು ನನ್ನಂತೆ ಕೈಯಿಂದ.

ಡೆಟ್ರಾಯಿಟ್

ಮರುದಿನ ಸುದರ್ಶನ ನಮ್ಮನ್ನು ಡೆಟ್ರಾಯಿಟ್ ತೋರಿಸಲು ಕರೆದುಕೊಂಡು ಹೊರಟ. ಕಾರಿನಲ್ಲಿ ಅವನು ಮಾತೇ ಆಡದಿದ್ದುದು ನನಗೆ ಚಳಿಗಿಂತ ಹೆಚ್ಚು ಕಷ್ಟವಾಯಿತು. ಆಬರ್ನ್ ಹಿಲ್ಸ್ ದಾಟುವಾಗ ಅವನ ಹಳೆಯ ಕಚೇರಿ ಕಂಡಿತು. ಕಾರು ನಿಲ್ಲಿಸುವ ಬಯಲಿನ ಒಂದು ಮೂಲೆಯಲ್ಲಿ ಮಾತ್ರ ಹಿಮ ತೆಗೆದಿದ್ದರು. ಉಳಿದದ್ದೆಲ್ಲ ಬಿಳಿ.

ಊರಿನೊಳಗೆ ಒಂದು ಮುಚ್ಚಿದ ಕಾರ್ಖಾನೆಯ ಮುಂದೆ ನಿಂತೆವು. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ನನ್ನ ಕಣ್ಣು ಅಭ್ಯಾಸಬಲದಿಂದ ಗೋಡೆಯ ಮೇಲಿನ ಬರಹವನ್ನು ಹುಡುಕಿತು. ಹೆಸರಿನ ಅಕ್ಷರಗಳನ್ನು ಕಿತ್ತಿದ್ದರು, ಆದರೆ ಅಕ್ಷರವಿದ್ದಲ್ಲಿ ಇಟ್ಟಿಗೆ ಮಾಸಿರಲಿಲ್ಲವಾದ್ದರಿಂದ ಓದಲು ಬರುತ್ತಿತ್ತು. ನಮ್ಮ ಕಡೆ ರಾಜಮನೆತನ ಅಳಿದರೆ ಕಲ್ಲಾದರೂ ದನ ಕಟ್ಟಲು ಒದಗುತ್ತದೆ. ಇಲ್ಲಿ ಅದೂ ಇರಲಿಲ್ಲ. ಎದುರಿನ ಬೀದಿಯಲ್ಲಿ ಒಬ್ಬ ಅಜ್ಜ ತನ್ನ ಕಾರಿನ ಮೇಲಿನ ಹಿಮವನ್ನು ತೋಳಿನಿಂದ ಒರೆಸುತ್ತಿದ್ದವನು ನಮಗೆ ಕೈಯೆತ್ತಿ ನಮಸ್ಕಾರ ಮಾಡಿದ. ನನ್ನ ಸೀರೆ ತೋರಿಸಿ "ಚಳಿ ಆಗಲ್ಲವೇ?" ಎಂದು ಕೂಗಿದ. "ಆಗುತ್ತದೆ" ಎಂದು ನಾನೂ ಕೂಗಿದೆ. ಇಬ್ಬರೂ ನಕ್ಕೆವು.

ಕಾರಿನೊಳಗೆ ಬಂದು ಕೂತ ಮೇಲೆ ಸುದರ್ಶನ ಸ್ಟಿಯರಿಂಗ್ ನೋಡುತ್ತಲೇ "ಐ ಆಮ್ ಸಾರಿ" ಎಂದ. "ನಾನು ಯೋಚನೆ ಮಾಡದೆ ಮಾತಾಡಿಬಿಟ್ಟೆ."

ಲಿಯಾಂಗ್ ಅವನನ್ನೇ ನೋಡಿದಳು. "ನಿನ್ನ ಕೆಲಸ ಏನಿತ್ತು?"

"ನಡುಕ" ಎಂದ. ಆಮೇಲೆ ವಿವರಿಸಿದ. ಹೊಸ ಕಾರು ಬರುತ್ತದೆ, ಎಲ್ಲಿಂದಲೋ ಸಣ್ಣ ಅದುರು, ಸಣ್ಣ ಸದ್ದು. ಅದು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಸೀಟಿನವರೆಗೆ ಬರುತ್ತದೆ ಎಂದು ಕಂಡುಹಿಡಿಯುವುದು ಅವನ ಕೆಲಸ. "ಕಾರೇ ಮಾರಾಟ ಆಗದಿದ್ರೆ ಅದರ ನಡುಕ ಯಾರಿಗೆ ಬೇಕು? ಅದಕ್ಕೇ ಮೊದಲು ನಮ್ಮ ಗ್ರೂಪನ್ನೇ ತೆಗೆದ್ರು."

"ನಡುಕವನ್ನು ನಿಲ್ಲಿಸುತ್ತಿದ್ದೆಯಾ?"

ಸುದರ್ಶನ ಯೋಚಿಸಿದ. ಅವಳಿಗೆ ಸಮಾಧಾನ ಹೇಳಲು ಅವನಿಗೆ ಎಷ್ಟು ಮನಸ್ಸಿತ್ತೆಂದು ನನಗೆ ಗೊತ್ತು. ಆದರೂ ಅವನು ಸುಳ್ಳು ಹೇಳಲಿಲ್ಲ. "ಎಷ್ಟೋ ಸಲ ಆಗ್ತಿರಲಿಲ್ಲ. ಓಡುವ ಯಂತ್ರ ಎಲ್ಲಾನೂ ನಡುಗುತ್ತೆ. ನಡುಗದೆ ಇರೋದು ನಿಂತಿರೋ ಯಂತ್ರ ಮಾತ್ರ."

ಲಿಯಾಂಗ್ ಹಲಗೆ ಹೊಡೆದ ಕಾರ್ಖಾನೆಯ ಕಡೆ ತಿರುಗಿದಳು. ಅದನ್ನೇ ನೋಡುತ್ತಾ ಹೇಳಿದಳು: "ನನ್ನ ಗುರುಗಳು ಹೇಳುತ್ತಿದ್ದರು, ಒಳ್ಳೆಯ ಗೆರೆ ಸೋರುವ ಗೋಡೆಯ ಮೇಲೆ ಮಳೆನೀರು ಇಳಿದ ಹಾಗಿರಬೇಕು ಅಂತ. ನೇರ ಇಳಿಯುವುದಿಲ್ಲ ಅದು. ತಡೆಯುತ್ತದೆ, ನಡುಗುತ್ತದೆ, ಮತ್ತೆ ಇಳಿಯುತ್ತದೆ. ಹಳೆಯವರ ಮಾತು. ನಾನು ಚಿಕ್ಕವಳಾಗಿದ್ದಾಗ ಅದನ್ನು ಬೇಕೆಂದೇ ಮಾಡಲು ಕಲಿತಿದ್ದೆ."

ಮತ್ತೆ ರಾಚೆಸ್ಟರ್ ಹಿಲ್ಸ್

ಹೊರಡುವ ದಿನ ಬೆಳಿಗ್ಗೆ ನಾವು ಏಳುವ ಮೊದಲೇ ಅವಳು ಪಕ್ಕದ ಡ್ರೈವ್‌ವೇ ತುಂಬ ಬರೆದಿದ್ದಳು. ಈ ಸಲ ಚುರುಕಾಗಿ ಬರೆದಿರಲಿಲ್ಲವೆಂದು ನನಗೂ ಓದಲು ಬಂತು, ಅಲೆಗಳು ಅಷ್ಟು ಒತ್ತಾಗಿದ್ದವು. ಅಳಿಸಿರಲಿಲ್ಲ. ಶಾಲೆಯ ಬಸ್ಸಿಗೆ ನಿಂತ ಮಕ್ಕಳು ಬಂದು ನೋಡಿದರು. ಅನಘಾ ಮಾರ್ಗದರ್ಶಿಯಂತೆ ಅತ್ತಿತ್ತ ಓಡಾಡಿ ಯಾರೂ ತುಳಿಯದಂತೆ ನೋಡಿಕೊಂಡಳು.

"ಪಡಿಯಚ್ಚು ತೆಗೆಯಲೇ?" ಎಂದು ಕೇಳಿದೆ.

"ತೆಗಿ" ಎಂದಳು.

ನನ್ನ ವಿದ್ಯೆಯೆಲ್ಲ ಅಲ್ಲಿ ಸೋತಿತು. ಒದ್ದೆ ಕಾಗದ ಹಚ್ಚಿದರೆ ಮಂಜಿಗೆ ಅಂಟಿ ಕಲ್ಲಾಯಿತು, ಬಿಡಿಸಹೋದರೆ ಹರಿಯಿತು. ಒಣ ಕಾಗದವಿಟ್ಟು ಅನಘಾಳ ಪೆನ್ಸಿಲು ಅಡ್ಡಡ್ಡ ಉಜ್ಜಿದೆ. ಅರ್ಧ ಗೆರೆ ಮೂಡುವಷ್ಟರಲ್ಲಿ ಕಾಗದ ತೂತು. ಸೀರೆಯ ನಿರಿಗೆ ಬೇರೆ ಅಕ್ಷರದ ಮೇಲೆ ಹೆಪ್ಪುಗಟ್ಟಿಕೊಂಡು, ಏಳಹೋದವಳು ಮುಗ್ಗರಿಸಿ ಕೂತೆ. ವೀಣಾ ಕೂದಲು ಒಣಗಿಸುವ ಯಂತ್ರ ತಂದು ನನ್ನನ್ನು ಬಿಡಿಸಿದಳು. ಲಿಯಾಂಗ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆ ಅಕ್ಷರಗಳು ಮುಂದೆ ಎಷ್ಟೋ ದಿನ, ಬಿಸಿಲು ಬರುವವರೆಗೆ ಅಲ್ಲೇ ಇದ್ದವೆಂದು ವೀಣಾ ಆಮೇಲೆ ಫೋನಿನಲ್ಲಿ ಹೇಳಿದಳು. ಸುದರ್ಶನ ಅವುಗಳ ಸುತ್ತ ಮಾತ್ರ ಹಿಮ ತೆಗೆಯುತ್ತಿದ್ದನಂತೆ. ಬೇಸಿಗೆಯ ಹೊತ್ತಿಗೆ ಅವನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು, ಬಟ್ಟೆ ಒಗೆಯುವ ಯಂತ್ರ ಮಾಡುವ ಕಂಪನಿಯಲ್ಲಿ. ಅವೂ ನಡುಗುತ್ತವಲ್ಲ.

ಷಿಕಾಗೋ, ಕೊನೆಯ ಸಂಜೆ

ಕಮ್ಮಟದ ಕೊನೆಯ ದಿನ ಊರಿನವರಿಗೆಲ್ಲ ಬಾಗಿಲು ತೆರೆದಿದ್ದರು. ನಮ್ಮನ್ನು ಬಿಡಲು ಬಂದ ಸುದರ್ಶನ ವಾಪಸ್ಸು ಹೋಗದೆ ಹಿಂದಿನ ಸಾಲಿನಲ್ಲಿ ಕೂತಿದ್ದ. ಪ್ರೊಫೆಸರರು ಬಕೆಟ್ಟಿಗೆ ತಾವೇ ನೀರು ತುಂಬಿ ಕರಿಗಲ್ಲಿನ ಹಾಸಿನ ಪಕ್ಕ ಇಟ್ಟಿದ್ದರು.

ಲಿಯಾಂಗ್ ಬಂದು, "ಮಸಿ ಬೇಕು" ಎಂದಳು. "ಕಾಗದ ಬೇಕು. ಉದ್ದದ್ದು."

ಪ್ರೊಫೆಸರರ ಮುಖ ಬಿಳಿಚಿತು. ಆಹ್ವಾನ ಪತ್ರಿಕೆಯ ತುಂಬ ನೀರು, ಮರೆವು ಎಂದು ಅಚ್ಚಾಗಿತ್ತು. "ಕ್ಷಮಿಸಿ, ಆದರೆ ಇವರೆಲ್ಲ ಬಂದಿರುವುದು..." ಎಂದವರು, ಅವಳು ಕೈಯನ್ನು ಬಚ್ಚಿಡದೆ ಎಲ್ಲರ ಮುಂದೆ ಚಾಚಿ ನಿಂತದ್ದನ್ನು ಕಂಡು ಮಾತು ನಿಲ್ಲಿಸಿದರು. ಆ ಕೈ ನಡುಗುತ್ತಿತ್ತು. ಅದನ್ನು ಅವರು ನೋಡಿದರು, ಮುಂದಿನ ಸಾಲಿನವರು ನೋಡಿದರು. ಪ್ರೊಫೆಸರರು ಹೋಗಿ ಕಾಗದದ ಸುರುಳಿಯನ್ನು ತಾವೇ ಹೊತ್ತು ತಂದರು. ನನ್ನ ಪಡಿಯಚ್ಚಿಗೆಂದು ತರಿಸಿದ್ದ ಸುರುಳಿ. ನಾನು ಮಸಿ ಕಲಸಿಕೊಟ್ಟೆ. ಗೋಡೆಯಿಂದ ಗೋಡೆಯವರೆಗೆ ಕಾಗದ ಹಾಸಿದೆವು.

ಅವಳು ಬರೆದದ್ದು ಒಂದೇ ಅಕ್ಷರ. ಅವರ ಲಿಪಿಯಲ್ಲಿ ಮಕ್ಕಳು ಮೊದಲು ಕಲಿಯುವಂಥದ್ದು, ಒಂದು ಎಂಬ ಅಂಕಿ. ಒಂದು ಅಡ್ಡಗೆರೆ, ಅಷ್ಟೇ. ಶಾಲೆಯ ಹಲಗೆಯ ಮೇಲಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅವಳು ಎಡಗೋಡೆಯ ಬಳಿ ಕುಂಚವಿಟ್ಟು ಬಲಕ್ಕೆ ಹೊರಟಳು. ಹೊಲದಲ್ಲಿ ಕೂರಿಗೆ ಹಿಡಿದವರ ನಡಿಗೆ. ಮೊದಮೊದಲು ಯಾರೋ ಕೆಮ್ಮಿದರು, ಯಾರೋ ಕುರ್ಚಿ ಸರಿಸಿದರು. ಆಮೇಲೆ ಕಾಗದದ ಮೇಲೆ ಕುಂಚದ ಕೂದಲು ಸರಿಯುವ ಸದ್ದೊಂದೇ. ಗೆರೆಯ ಎರಡೂ ಅಂಚಿನಲ್ಲಿ ಅಲೆ ಏಳುತ್ತಾ ಹೋಯಿತು. ಮಸಿ ಒಂದೊಂದು ಅಲೆಯನ್ನೂ ಹಿಡಿದು ಕೂರಿಸಿತು. ನಾನು ಎಷ್ಟೋ ಅರಸರ ಅಕ್ಷರ ನೋಡಿದ್ದೇನೆ. ಬರೆದವರು ಜೀವಂತ ಮನುಷ್ಯರೆಂದು ಅಷ್ಟು ಸ್ಪಷ್ಟವಾಗಿ ಯಾವ ಕಲ್ಲೂ ನನಗೆ ಹೇಳಿರಲಿಲ್ಲ.

ಬಲಗೋಡೆ ಹತ್ತಿರವಾಯಿತು. ಅವಳು ಕುಂಚ ಎತ್ತಿದಳು, ಗೋಡೆಗೆ ಒರಗಿ ನಿಂತಳು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನಕ್ಕೆ ಗೊತ್ತಾಗಲಿಲ್ಲ. ಕೆಲವರು ಎದ್ದು ಬಂದು ಗೆರೆಯ ಉದ್ದಕ್ಕೂ ನಿಧಾನವಾಗಿ ನಡೆಯತೊಡಗಿದರು, ಎಡದಿಂದ ಬಲಕ್ಕೆ, ಅವಳು ನಡೆದ ಹಾಗೆಯೇ.

ಲಿಯಾಂಗ್ ಹಿಂದಿನ ಸಾಲಿನ ಕಡೆ ಕೈ ಬೀಸಿ ಸುದರ್ಶನನನ್ನು ಕರೆದಳು. "ಬಾ" ಎಂದಳು. "ಓದು."

ಅವನು ಹಿಂಜರಿದ. ನಾನು ಹೋಗು ಎಂದೆ. ಶೂ ಬಿಚ್ಚಿಟ್ಟು ಕಾಗದದ ಪಕ್ಕ ಮಂಡಿಯೂರಿ ತೆವಳುತ್ತಾ ಹೊರಟ. ಇಲ್ಲಿ ಕೈ ಹಗುರಾಗಿದೆ ಎಂದ. ಇಲ್ಲಿ ಉಸಿರು ಬದಲಾಯಿಸಿದ್ದೀರಿ ಎಂದ. ಇಲ್ಲಿ ಏನೋ ಅಡ್ಡ ಬಂತು ಎಂದ. "ಯಾರೋ ಕುರ್ಚಿ ಸರಿಸಿದ ಸದ್ದು" ಎಂದಳು ಲಿಯಾಂಗ್. ಜನ ನಕ್ಕರು. ಕೊನೆಯ ಭಾಗಕ್ಕೆ ಬಂದಾಗ ಅವನು ತಡೆದ. ಅಲ್ಲಿ ಅಲೆಗಳು ಒಂದರ ಮೇಲೊಂದು ಬಿದ್ದು, ಗೆರೆ ದಪ್ಪಗಾಗಿ, ಬಹುಮಟ್ಟಿಗೆ ನಿಂತೇಹೋದಂತಿತ್ತು.

"ಇಲ್ಲಿ ಬಹಳ ಹೊತ್ತು ಇದ್ದೀರಿ" ಎಂದ ಸುದರ್ಶನ, ತಲೆಯೆತ್ತಿ. "ಕೈ ಸೋತಿತೇ?"

"ಇಲ್ಲ" ಎಂದಳು ಲಿಯಾಂಗ್. "ಕಾಗದ ಮುಗಿಯುತ್ತಾ ಬಂದಿತ್ತು. ನನಗೆ ಮುಗಿಸುವ ಮನಸ್ಸಿರಲಿಲ್ಲ."